ಐಟಿಐ ಮುಗಿಯಿತು, ಅಪ್ರೆಂಟಿಸ್ ಮುಗಿಯಿತು, ಮುಂದೆ?

ಐಟಿಐಯಲ್ಲಿ ಫಿಟ್ಟರ್ ಟ್ರೇಡಿಗೆ, ಅಂದರೆ ಯಂತ್ರದ ಭಾಗಗಳನ್ನು ಅಳತೆಗೆ ತಂದು ಜೋಡಿಸುವ ಕಸುಬಿಗೆ, ಸೇರಿದ ಹುಡುಗ ಮೊದಲು ಕಲಿಯುವುದು ಅರ ಹಿಡಿಯುವುದನ್ನು. ಉಕ್ಕಿನ ತುಂಡನ್ನು ವೈಸಿಗೆ ಕಚ್ಚಿಸಿ ಉಜ್ಜುತ್ತಾನೆ, ಟ್ರೈ ಸ್ಕ್ವೇರ್ ಇಟ್ಟು ಬೆಳಕಿಗೆ ಹಿಡಿಯುತ್ತಾನೆ. ಅಂಚಿನಡಿ ಬೆಳಕು ಇಣುಕಿತೋ, ಮತ್ತೆ ಉಜ್ಜಬೇಕು. ಆಮೇಲೆ 0.02 ಮಿ.ಮೀ.ವರೆಗೆ ಓದುವ ವರ್ನಿಯರ್ ಕೈಗೆ ಬರುತ್ತದೆ. ಎರಡು ವರ್ಷ ಹೀಗೆ ಪಳಗಿದ ಕೈಗೆ ಅಪ್ರೆಂಟಿಸ್ ಆಗಿ, ಅಂದರೆ ಕಾರ್ಖಾನೆಯಲ್ಲೇ ಕಲಿಯುವವನಾಗಿ, ಸೇರಿದ ಮೇಲೆ ಎಷ್ಟೋ ಕಾರ್ಖಾನೆಗಳಲ್ಲಿ ಸಿಗುವುದು ಪ್ಯಾಕಿಂಗ್ ಕೆಲಸ. ಇದಕ್ಕೆ ಕಾರ್ಖಾನೆಯ ಲೋಭವೊಂದೇ ಕಾರಣವಲ್ಲ, ಕಾನೂನು ಬೆಳೆದ ರೀತಿಯೂ ಕಾರಣ.

ದೇಶದಲ್ಲಿ ಕುಶಲಕರ್ಮಿ ತರಬೇತಿ ಯೋಜನೆ ಶುರುವಾದದ್ದು 1950ರಲ್ಲಿ. ಇಂದಿನ ಐಟಿಐಗಳ ಬೇರು ಅದೇ. ಆ ಹೊತ್ತಿಗೆ ಬೆಂಗಳೂರಿನಲ್ಲಿ ಎಚ್‌ಎಎಲ್ ಮತ್ತು ಟೆಲಿಫೋನ್ ಕಾರ್ಖಾನೆ ಇದ್ದವು. 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್ ಬಂದವು. ಲೇತ್, ಮಿಲ್ಲಿಂಗ್ ಯಂತ್ರ ನಡೆಸಬಲ್ಲವರು ಬೇಕಿತ್ತು. ಆದರೆ ಅಂಥ ದುಬಾರಿ ಯಂತ್ರಗಳನ್ನೆಲ್ಲ ಪ್ರತಿ ಐಟಿಐಗೂ ಕೊಡಿಸುವುದು ಆಗದ ಮಾತು. ಯಂತ್ರ ಇರುವುದು ಕಾರ್ಖಾನೆಯಲ್ಲಿ, ಕಲಿಕೆಯೂ ಅಲ್ಲೇ ನಡೆಯಲಿ ಎಂಬ ಲೆಕ್ಕದಲ್ಲಿ ಶಿಶಿಕ್ಷು (ಅಪ್ರೆಂಟಿಸ್) ಕಾಯ್ದೆ 1961ರಲ್ಲಿ ಬಂತು, 1962ರ ಮಾರ್ಚ್ 1ರಿಂದ ಜಾರಿಯಾಯಿತು. 1973ರ ತಿದ್ದುಪಡಿ ಎಂಜಿನಿಯರಿಂಗ್ ಪದವಿ, ಡಿಪ್ಲೊಮಾದವರನ್ನೂ ಅದರೊಳಗೆ ತಂದಿತು.

ಈ ಕಾಯ್ದೆಯ ಎರಡು ಸೆಕ್ಷನ್‌ಗಳು ಅಪ್ರೆಂಟಿಸ್‌ನ ಬದುಕನ್ನು ಇವತ್ತಿಗೂ ಕಟ್ಟಿಹಾಕಿವೆ. 18ರ ಪ್ರಕಾರ ಅವನು ಕಾರ್ಮಿಕನಲ್ಲ, ಕಲಿಯುವವನು. ಸುರಕ್ಷತೆ ಮತ್ತು ಗಾಯದ ಪರಿಹಾರ ಬಿಟ್ಟರೆ ಕಾರ್ಮಿಕ ಕಾನೂನುಗಳು ಅವನಿಗೆ ಅನ್ವಯಿಸುವುದಿಲ್ಲ. 22ರ ಪ್ರಕಾರ, ಒಪ್ಪಂದದಲ್ಲೇ ಬರೆದುಕೊಳ್ಳದಿದ್ದರೆ, ತರಬೇತಿ ಮುಗಿದ ಮೇಲೆ ಕೆಲಸ ಕೊಡುವ ಬಾಧ್ಯತೆ ಮಾಲೀಕನಿಗಿಲ್ಲ. ಕಲಿಯುವವನು ಎಂದ ಮೇಲೆ ಕಲಿಸಬೇಕು. ಆದರೆ ಉತ್ಪಾದನಾ ವಿಭಾಗಕ್ಕೆ ಬೇಕಾದದ್ದು ಆ ದಿನದ ಟಾರ್ಗೆಟ್‌ಗೆ ಎರಡು ಕೈ. ಕಲಿಸಲೆಂದೇ ಒಬ್ಬ ಇನ್‌ಸ್ಟ್ರಕ್ಟರ್ ಇಲ್ಲದ ಕಡೆ ಟಾರ್ಗೆಟ್ಟೇ ಗೆಲ್ಲುತ್ತದೆ.

1995ರಲ್ಲಿ ಉತ್ತರಪ್ರದೇಶದ ಸಾರಿಗೆ ನಿಗಮದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಉಳಿದ ಅರ್ಹತೆಗಳು ಸಮನಾಗಿದ್ದರೆ ತರಬೇತಾದ ಅಪ್ರೆಂಟಿಸ್‌ಗೇ ಆದ್ಯತೆ ಎಂದಿತು. ಆದ್ಯತೆ ಎಂದಿತೇ ಹೊರತು ಹಕ್ಕು ಎನ್ನಲಿಲ್ಲ. ಅದು ಅಂಕಿಯಾಗಿ ಕಾಣುವುದು ರೈಲ್ವೆಯಲ್ಲಿ: ಅತಿ ಕೆಳಹಂತದ ಲೆವೆಲ್-1 ನೇಮಕಾತಿಯಲ್ಲಿ ಶೇ 20ರಷ್ಟು ಹುದ್ದೆಗಳು ರೈಲ್ವೆಯಲ್ಲೇ ತರಬೇತಿ ಮುಗಿಸಿದವರಿಗೆ. ಹುಬ್ಬಳ್ಳಿ, ಮೈಸೂರು ವರ್ಕ್‌ಶಾಪ್‌ಗಳ ಅಪ್ರೆಂಟಿಸ್ ಸೀಟಿಗೆ ಅಷ್ಟು ಬೇಡಿಕೆ ಸುಮ್ಮನೆ ಅಲ್ಲ.

2014ರ ತಿದ್ದುಪಡಿ ಮಾಲೀಕರ ಮೇಲಿದ್ದ ಜೈಲುಶಿಕ್ಷೆಯನ್ನು ತೆಗೆದು ದಂಡವನ್ನಷ್ಟೇ ಉಳಿಸಿತು. ಅದೇ ವರ್ಷದ ನಿಯಮದಲ್ಲಿ ಸ್ಟೈಪೆಂಡನ್ನು (ತರಬೇತಿ ಭತ್ಯೆಯನ್ನು) ಅರೆಕುಶಲ ಕೆಲಸಗಾರರ ಕನಿಷ್ಠ ವೇತನಕ್ಕೆ ಗಂಟುಹಾಕಲಾಗಿತ್ತು: ಮೊದಲ ವರ್ಷ ಶೇ 70, ಎರಡನೇ ವರ್ಷ ಶೇ 80. 2019ರಲ್ಲಿ ಆ ಗಂಟು ಬಿಚ್ಚಿದರು. ಶಾಲೆ ಅರ್ಧಕ್ಕೆ ಬಿಟ್ಟವರಿಗೆ 5,000 ರೂಪಾಯಿ, ಐಟಿಐನವರಿಗೆ 7,000, ಪದವೀಧರರಿಗೆ 9,000 ಎಂಬ ನಿಗದಿತ ಕನಿಷ್ಠ ಮೊತ್ತ ಬಂತು. 30 ಮತ್ತು ಅದಕ್ಕಿಂತ ಹೆಚ್ಚು ಸಿಬ್ಬಂದಿ ಇರುವ ಸಂಸ್ಥೆಗಳು ಶೇ 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕೆಂದೂ ಆಯಿತು. ಸಂಖ್ಯೆ ಹೆಚ್ಚಿಸಲು ಇದು ನೆರವಾಗಬಹುದು. ಆದರೆ ಬೆಲೆ ಏರಿದಂತೆ ಕನಿಷ್ಠ ವೇತನ ಏರುತ್ತದೆ, ಬರೆದಿಟ್ಟ 7,000 ಏರುವುದಿಲ್ಲ. ಬೆಂಗಳೂರಿನ ಪೀಣ್ಯದಲ್ಲಿ ರೂಮು ಮಾಡಿಕೊಂಡು ಇರುವ ರಾಯಚೂರಿನ ಹುಡುಗನಿಗೆ ಆ ಗಂಟು ಬಿಚ್ಚಿದ್ದು ದೊಡ್ಡ ನಷ್ಟ. 2025ರ ಮೇ ತಿಂಗಳಲ್ಲಿ ಕೇಂದ್ರ ಶಿಶಿಕ್ಷು ಮಂಡಳಿ ಶೇ 36ರಷ್ಟು ಏರಿಕೆಗೆ ಶಿಫಾರಸು ಮಾಡಿದ್ದೇ ಆ ನಷ್ಟಕ್ಕೆ ಸಾಕ್ಷಿ.

2016ರಲ್ಲಿ ಶುರುವಾದ ಅಪ್ರೆಂಟಿಸ್ ಉತ್ತೇಜನ ಯೋಜನೆಯಡಿ ಸ್ಟೈಪೆಂಡಿನ ಶೇ 25, ಗರಿಷ್ಠ ತಿಂಗಳಿಗೆ 1,500 ರೂಪಾಯಿ, ಕೇಂದ್ರದ ಪಾಲು. 2023ರಿಂದ ಅದು ನೇರ ಹುಡುಗರ ಖಾತೆಗೆ ಬರುತ್ತಿದೆ. ನಮ್ಮಲ್ಲಿ ಎಡವುವುದು ಇನಿಷಿಯಲ್‌ನಲ್ಲಿ: ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ಮಂಜುನಾಥ ಎಚ್’, ಆಧಾರ್‌ನಲ್ಲಿ ‘ಮಂಜುನಾಥ ಹನುಮಂತಪ್ಪ’. ಹೆಸರು ಹೊಂದದಿದ್ದರೆ ಅಥವಾ ಖಾತೆಗೆ ಆಧಾರ್ ಜೋಡಣೆ ಆಗದಿದ್ದರೆ ಹಣ ಬರುವುದಿಲ್ಲ. ಸೇರುವ ಮುಂಚೆಯೇ ಸರಿಮಾಡಿಸಿಕೊಳ್ಳಬೇಕು.

ಇನ್ನೂ ದೊಡ್ಡ ಮೋಸ ‘ಟ್ರೈನಿ’ ಎಂಬ ಪದದಲ್ಲಿದೆ. ಕಂಪನಿ ಕೊಟ್ಟ ಟ್ರೈನಿ ಪತ್ರ ಅಪ್ರೆಂಟಿಸ್ ಒಪ್ಪಂದವಲ್ಲ. ಸರ್ಕಾರಿ ಪೋರ್ಟಲ್‌ನಲ್ಲಿ ನೋಂದಾಯಿತ ಒಪ್ಪಂದ, ಅದಕ್ಕೊಂದು ಸಂಖ್ಯೆ, ಅದರಲ್ಲಿ ಟ್ರೇಡಿನ ಹೆಸರು ಇರಬೇಕು. ಇಲ್ಲದಿದ್ದರೆ ವರ್ಷವಿಡೀ ದುಡಿದರೂ ರಾಷ್ಟ್ರೀಯ ಅಪ್ರೆಂಟಿಸ್ ಪ್ರಮಾಣಪತ್ರ ಸಿಗದು. 18 ತುಂಬದವರ ಪರವಾಗಿ ಪೋಷಕರು ಸಹಿ ಹಾಕಬೇಕು. ಮಾಡಿದ ಕೆಲಸವನ್ನು ದಿನದಿನ ಒಂದು ಪುಸ್ತಕದಲ್ಲಿ ಬರೆದಿಡುವುದು ಒಳ್ಳೆಯದು. ಫಿಟ್ಟರ್‌ನನ್ನು ತಿಂಗಳುಗಟ್ಟಲೆ ಪ್ಯಾಕಿಂಗ್‌ನಲ್ಲೇ ನಿಲ್ಲಿಸಿದರೆ ಸೆಕ್ಷನ್ 20ರಡಿ, ಈ ಕಾಯ್ದೆಯ ಅಧಿಕಾರಿಯಾದ ಶಿಶಿಕ್ಷು ಸಲಹೆಗಾರರಿಗೆ ದೂರು ಕೊಡಬಹುದು, ಆಗ ಆ ಪುಸ್ತಕವೇ ಆಧಾರ.

2014ರಲ್ಲಿ 22ನೇ ಸೆಕ್ಷನ್‌ನ ಮೊದಲ ಸಾಲೂ ಬದಲಾಯಿತು: ತರಬೇತಿ ಮುಗಿಸಿದವರ ನೇಮಕಕ್ಕೆ ಪ್ರತಿ ಸಂಸ್ಥೆಯೂ ತನ್ನದೇ ನೀತಿ ರೂಪಿಸಬೇಕು. ಒಪ್ಪಂದಕ್ಕೆ ಸಹಿ ಹಾಕುವ ದಿನವೇ ಎಚ್‌ಆರ್ ಮೇಜಿನ ಮುಂದೆ ಆ ನೀತಿಯ ಪ್ರತಿ ಕೇಳಿ ಪಡೆಯಿರಿ.