ಮಳೆಗಾಲಕ್ಕೆ ಜಾಗ ಬಿಟ್ಟ ಮೇಜು

ಆಷಾಢದಲ್ಲಿ ಎಷ್ಟು ದೂಡಿದರೂ ಮುಚ್ಚದ ಬಾಗಿಲು ಶಿವರಾತ್ರಿ ಹೊತ್ತಿಗೆ ತಾನಾಗಿಯೇ ಸರಿಹೋಗಿರುತ್ತದೆ. ಯಾರೂ ರಿಪೇರಿ ಮಾಡಿರುವುದಿಲ್ಲ. ಗಾಳಿಯ ತೇವ ಕುಡಿದು ಮರ ಉಬ್ಬಿತ್ತು, ಈಗ ಒಣಗಿ ಕುಗ್ಗಿದೆ, ಅಷ್ಟೇ. ಮರ ಕಡಿದು ಎಷ್ಟೋ ದಶಕ ಕಳೆದರೂ ಈ ಆಟ ನಿಲ್ಲುವುದಿಲ್ಲ. ನಮ್ಮ ಬಡಗಿಗಳ ಹಳೆಯ ಕೆಲಸದಲ್ಲಿ ಅಲಂಕಾರ ಅಂತ ನಾವು ಮೆಚ್ಚುವ ಎಷ್ಟೋ ಸಂಗತಿಗಳು ಈ ಆಟವನ್ನು ಸಂಭಾಳಿಸಲು ಮಾಡಿಕೊಂಡ ಉಪಾಯಗಳು.

ಮರವೆಂದರೆ ಒತ್ತಾಗಿ ಕಟ್ಟಿದ ಹುಲ್ಲುಕಡ್ಡಿಗಳ ಕಂತೆ ಅಂದುಕೊಳ್ಳಿ. ಒಂದೊಂದು ಕಡ್ಡಿಯೂ ಟೊಳ್ಳಾದ ಜೀವಕೋಶ. ಹಸಿಮರದಲ್ಲಿ ನೀರು ಎರಡು ಕಡೆ ಇರುತ್ತದೆ, ಟೊಳ್ಳಿನೊಳಗೆ ಮತ್ತು ಕೋಶದ ಗೋಡೆಯಲ್ಲಿ. ಮೊದಲು ಆರುವುದು ಟೊಳ್ಳಿನ ನೀರು. ಆಗ ಮರ ಹಗುರಾಗುತ್ತದೆ, ಅಳತೆ ಬದಲಾಗುವುದಿಲ್ಲ. ಒಣಮರದ ತೂಕಕ್ಕೆ ಹೋಲಿಸಿದರೆ ನೀರು ಸುಮಾರು ಶೇ. 30ಕ್ಕೆ ಇಳಿದ ಮೇಲೆ ಗೋಡೆಯ ನೀರು ಹೊರಡುತ್ತದೆ. ಕುಗ್ಗುವುದು ಶುರುವಾಗುವುದು ಆಗ. ಗೋಡೆಯ ಸೆಲ್ಯುಲೋಸ್ ಎಳೆಗಳು ಹೆಚ್ಚುಕಡಿಮೆ ಮರದ ಉದ್ದಕ್ಕೇ ಮಲಗಿರುತ್ತವೆ. ನೀರು ಅವುಗಳ ನಡುವೆ ನುಗ್ಗಿದರೆ ಎಳೆಗಳು ಪಕ್ಕಕ್ಕೆ ಸರಿಯುತ್ತವೆ. ಹಾಗಾಗಿ ಹಲಗೆ ಅಗಲದಲ್ಲಿ ಉಬ್ಬುತ್ತದೆ, ಉದ್ದದಲ್ಲಿ ಬಹುತೇಕ ಇಲ್ಲ.

ಅಗಲದಲ್ಲೂ ಎಲ್ಲ ಕಡೆ ಒಂದೇ ಸಮ ಅಲ್ಲ. ತೇಗ ಹಸಿಯಿಂದ ಪೂರ್ತಿ ಒಣಗುವಷ್ಟರಲ್ಲಿ, ವರ್ಷದ ಉಂಗುರಗಳ ಗುಂಟ ಶೇ. 6ರ ಹತ್ತಿರ ಕುಗ್ಗುತ್ತದೆ. ತಿರುಳಿನಿಂದ ತೊಗಟೆಯ ಕಡೆಗೆ ನೋಡಿದರೆ ಶೇ. 2.5 ಮಾತ್ರ. ಈ ವ್ಯತ್ಯಾಸದಿಂದಲೇ ಹಲಗೆ ಡೊಂಕಾಗುವುದು. ತೇಗ ಇದರಲ್ಲಿ ಬಹಳ ಸಾಧು ಮರ, ಬೇರೆ ಎಷ್ಟೋ ಮರಗಳು ಇನ್ನೂ ಜಾಸ್ತಿ ಕುಗ್ಗುತ್ತವೆ. ಆದರೂ ಲೆಕ್ಕ ಹಾಕಿ ನೋಡಿ. 60 ಸೆಂ.ಮೀ. ಅಗಲದ ತೇಗದ ಹಲಗೆಯ ತೇವ ಬೇಸಿಗೆಯಿಂದ ಮಳೆಗಾಲಕ್ಕೆ ಒಣತೂಕದ ಶೇ. 5ರಷ್ಟು ಏರಿದರೆ, ಅದು ಅರ್ಧ ಸೆಂಟಿಮೀಟರಿನಷ್ಟು ಹಿಗ್ಗಬಲ್ಲದು. ಅದೇ ಹಲಗೆ ಎರಡು ಮೀಟರ್ ಉದ್ದವಿದ್ದರೂ ಉದ್ದದಲ್ಲಿ ಆಗುವ ವ್ಯತ್ಯಾಸ ಒಂದು ಮಿಲಿಮೀಟರನ್ನೂ ಮುಟ್ಟುವುದಿಲ್ಲ.

ಈಗ ಹಳೆಯ ಮನೆಯ ಬಾಗಿಲನ್ನೋ ಬೀರುವನ್ನೋ ಹತ್ತಿರದಿಂದ ನೋಡಿ. ಸುತ್ತ ದಪ್ಪ ಚೌಕಟ್ಟು, ನಡುವೆ ತೆಳ್ಳನೆಯ ಹಲಗೆ. ಚೌಕಟ್ಟಿನ ಒಳಅಂಚಿನಲ್ಲಿ ಒಂದು ತೋಡು ಕೊರೆದು ಹಲಗೆಯನ್ನು ಸುಮ್ನೆ ಅದರೊಳಗೆ ಕೂರಿಸಿರುತ್ತಾರೆ. ಅಂಟಿಲ್ಲ, ಮೊಳೆಯಿಲ್ಲ. ಮಳೆಗಾಲದಲ್ಲಿ ಹಲಗೆ ತೋಡಿನೊಳಗೆ ಹಿಗ್ಗಿಕೊಳ್ಳುತ್ತದೆ, ಬೇಸಿಗೆಯಲ್ಲಿ ಹಿಂದೆ ಸರಿಯುತ್ತದೆ. ಚೌಕಟ್ಟಿನ ಪಟ್ಟಿಗಳು ಕಿರಿದಾಗಿರುವುದರಿಂದ ಹೊರಗಿನ ಅಳತೆ ಹೆಚ್ಚು ಬದಲಾಗುವುದಿಲ್ಲ. ಅದೇ ಹಲಗೆಗೆ ನಾಲ್ಕೂ ಕಡೆ ಮೊಳೆ ಹೊಡೆದಿದ್ದರೆ? ಹಿಗ್ಗಲು ಜಾಗವಿಲ್ಲದೆ ಉಬ್ಬಿ ನಿಲ್ಲುತ್ತಿತ್ತು, ಕುಗ್ಗಲು ಬಿಡದಿದ್ದರೆ ಸೀಳುತ್ತಿತ್ತು.

ಕಾಲು ಮತ್ತು ಅಡ್ಡಪಟ್ಟಿ ಸೇರುವ ಜಾಗದಲ್ಲೂ ಇಂಥದೇ ಜಾಣತನವಿದೆ. ಒಂದಕ್ಕೆ ಉಳಿಯಿಂದ ಚೌಕ ತೂತು ಹೊಡೆದು, ಇನ್ನೊಂದರ ತುದಿಯನ್ನು ನಾಲಗೆಯಂತೆ ಕೆತ್ತಿ, ಕೊಡತಿಯಿಂದ ಬಡಿದು ಸೇರಿಸುತ್ತಾರೆ. ಆಮೇಲೆ ಅಡ್ಡಲಾಗಿ ಮರದ ಗೂಟ. ಗೂಟದ ತೂತನ್ನು ಕೂದಲೆಳೆಯಷ್ಟು ಆಚೀಚೆ ಕೊರೆದರೆ, ಗೂಟ ಬಡಿದಂತೆ ಎರಡೂ ಮರಗಳು ಒಂದನ್ನೊಂದು ಬಿಗಿಯಾಗಿ ಎಳೆದುಕೊಳ್ಳುತ್ತವೆ. ಕಬ್ಬಿಣದ ಮೊಳೆ ಮರದ ಜೊತೆ ಹಿಗ್ಗುವುದಿಲ್ಲ, ಕುಗ್ಗುವುದೂ ಇಲ್ಲ. ವರ್ಷ ವರ್ಷ ಅದರ ಸುತ್ತಲಿನ ತೂತು ಸಡಿಲಾಗುತ್ತಾ ಹೋಗುತ್ತದೆ. ಕುರ್ಚಿ ಕಿರುಗುಟ್ಟುವುದು ಹಾಗೆ ಶುರುವಾಗುತ್ತದೆ.

ನನಗೆ ತುಂಬ ಇಷ್ಟವಾಗುವುದು ಸರೇಸು. ದನದ ಚರ್ಮ, ಮೂಳೆ ಕುದಿಸಿ ಮಾಡುವ ಅಂಟು ಅದು, ವಾಸನೆ ಮಾತ್ರ ಕೇಳಬೇಡಿ. ಬಿಸಿ ಮತ್ತು ತೇವ ತಾಗಿದರೆ ಸರೇಸು ಮತ್ತೆ ಮೆತ್ತಗಾಗುತ್ತದೆ. ಇದು ದೋಷವೂ ಹೌದು, ದೊಡ್ಡ ಗುಣವೂ ಹೌದು. ಕಾಲು ಮುರಿದರೆ ಕೀಲನ್ನು ಬಿಚ್ಚಿ, ಹೊಸ ಕಾಲು ಹಾಕಿ, ಮತ್ತೆ ಅಂಟಿಸಬಹುದು. ಈಗಿನ ಬಲವಾದ ಅಂಟುಗಳು ಹಾಗೆ ಬಿಡುವುದಿಲ್ಲ. ಬಿಡಿಸಲು ಹೋದರೆ ಮರವೇ ಕಿತ್ತುಬರುತ್ತದೆ.

ಪಾಲಿಶಿನ ಕತೆಯೂ ಇದೇ. ಅರಗು ಒಂದು ಪುಟ್ಟ ಕೀಟ ಮುತ್ತುಗ, ಬೋರೆಯಂಥ ಮರಗಳ ಕೊಂಬೆಗಳ ಮೇಲೆ ಸುರಿಸುವ ರಾಳ. ಚನ್ನಪಟ್ಟಣದಲ್ಲಿ ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿ ಹಿಡಿಯುತ್ತಾರೆ. ಉಜ್ಜಿದ ಬಿಸಿಗೇ ಅದು ಕರಗಿ ಹತ್ತಿಕೊಳ್ಳುತ್ತದೆ. ಗುಜರಾತಿನ ಸಂಖೇಡಾದ ತೇಗದ ಪೀಠೋಪಕರಣಗಳ ಮಿರುಗಿಗೂ ಅರಗೇ ಆಧಾರ. ಇನ್ನು ಅರಗನ್ನು ಸ್ಪಿರಿಟಿನಲ್ಲಿ ಕರಗಿಸಿ ಬಟ್ಟೆಯಲ್ಲಿ ಉಜ್ಜಿದರೆ ನಮ್ಮ ಪರಿಚಯದ ಫ್ರೆಂಚ್ ಪಾಲಿಶ್. ಬಿಸಿ ಕಾಫಿ ಲೋಟ ಇಟ್ಟರೆ ಬಿಳಿ ಉಂಗುರ ಬೀಳುತ್ತದೆ ಅಂತ ಅದನ್ನು ಬೈಯುವವರಿದ್ದಾರೆ. ನಿಜ, ಬೀಳುತ್ತದೆ. ಆದರೆ ಮೇಲೆ ಇನ್ನೊಂದು ಕೈ ಉಜ್ಜಿದರೆ ಹೊಸ ಪದರ ಹಳೆಯದನ್ನು ಕರಗಿಸಿಕೊಂಡು ಒಂದಾಗುತ್ತದೆ. ಪಾಲಿಯುರೆಥೇನ್ ಪಾಲಿಶ್ ಗಟ್ಟಿ. ಅದು ಕೆಟ್ಟರೆ ಮಾತ್ರ ಸಾಮಾನ್ಯವಾಗಿ ಇಡೀ ಮೇಲ್ಮೈ ಉಜ್ಜಿ ತೆಗೆಯಬೇಕು.

ಬಿಚ್ಚಿ ಸರಿಮಾಡಲು ಬರುವ ವಸ್ತು ಎಷ್ಟು ದಿನ ಬಾಳುತ್ತದೆ ಎನ್ನುವುದಕ್ಕೆ ಚಂಡೀಗಢದ ಕುರ್ಚಿಗಳಿವೆ. 1950ರ ದಶಕದಲ್ಲಿ ಆ ಊರು ಕಟ್ಟುವಾಗ ವಾಸ್ತುಶಿಲ್ಪಿ ಪಿಯರ್ ಜಾನೆರೆ ಮತ್ತು ಸಂಗಡಿಗರು ಸರ್ಕಾರಿ ಕಚೇರಿಗಳಿಗೆಂದು ರೂಪಿಸಿದವು, ನಮ್ಮ ಬಡಗಿಗಳು ಮಾಡಿದವು. ತೇಗದ ಚೌಕಟ್ಟು, ಬೆತ್ತದ ಹೆಣಿಗೆ. ಬೆತ್ತ ಹರಿದರೆ ಹೊಸದಾಗಿ ಹೆಣೆಸಿದರೆ ಆಯಿತು. ಕಚೇರಿಗಳೇ ಅವನ್ನು ಗುಜರಿಗೆ ಹಾಕಿದವು. ಆಮೇಲೆ ಅವು ಹೊರದೇಶದ ಹರಾಜುಗಳಲ್ಲಿ ಲಕ್ಷಗಟ್ಟಲೆ ರೂಪಾಯಿಗೆ ಹೋದವು. ನಗಬೇಕೋ ಅಳಬೇಕೋ ಗೊತ್ತಾಗುವುದಿಲ್ಲ.

ಹಾಗಂತ ಕೈಕೆಲಸದ್ದೆಲ್ಲ ಪರಿಸರಕ್ಕೆ ಒಳ್ಳೆಯದು ಅನ್ನುವುದನ್ನು ನಾನು ಒಪ್ಪುವುದಿಲ್ಲ. ಮೈಸೂರಿನ ಬೀಟೆ ಮರದ ಕುಸುರಿ ಕೆಲಸದಲ್ಲಿ ಹಿಂದೆ ಬಿಳಿ ಬಣ್ಣಕ್ಕೆ ಕೂರಿಸುತ್ತಿದ್ದುದು ಆನೆದಂತ. ಕೆಲಸವೇನೋ ಅದ್ಭುತ, ಬೆಲೆ ತೆತ್ತದ್ದು ಆನೆ. 1986ರಲ್ಲಿ ವನ್ಯಜೀವಿ ಕಾಯ್ದೆಗೆ ಬಂದ ತಿದ್ದುಪಡಿ ಭಾರತದ ಆನೆದಂತದ ವ್ಯಾಪಾರ ನಿಲ್ಲಿಸಿತು. ಬೀಟೆ ಸೇರಿದ ಡಾಲ್ಬರ್ಜಿಯಾ ಕುಲವಿಡೀ 2017ರಿಂದ ಅಪಾಯದಲ್ಲಿರುವ ಜೀವಿಗಳ ಅಂತಾರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿದೆ. ಉಳಿ ಹಿಡಿದ ಕೈ ಎಷ್ಟೇ ಪಳಗಿದ್ದರೂ ಮರ ಎಲ್ಲಿಂದ ಬಂತು ಅನ್ನುವ ಪ್ರಶ್ನೆ ತಪ್ಪುವುದಿಲ್ಲ, ಅಲ್ವಾ?

ಒಣಮರದ ತೂಕದಲ್ಲಿ ಸುಮಾರು ಅರ್ಧ ಇಂಗಾಲ. 20 ಕೆ.ಜಿ. ಕುರ್ಚಿಯಲ್ಲಿ ಹತ್ತಿರ ಹತ್ತಿರ 10 ಕೆ.ಜಿ. ಮರ ಅದನ್ನು ಗಾಳಿಯಿಂದ ಹೀರಿಕೊಂಡದ್ದು. ಕುರ್ಚಿ ಸುಟ್ಟರೆ ಅಥವಾ ಕೊಳೆತರೆ ಅದು ಮತ್ತೆ ಗಾಳಿಗೆ. ಬಲಿಯಲು ಐವತ್ತು ವರ್ಷ ತೆಗೆದುಕೊಂಡ ತೇಗದಿಂದ ಹತ್ತು ವರ್ಷ ಬಾಳುವ ಕುರ್ಚಿ ಮಾಡಿದರೆ ಲೆಕ್ಕ ಕೂಡುವುದಿಲ್ಲ. ತೇಗವೇ ಬೇಕೆಂದಿಲ್ಲ. ಹಿತ್ತಲ ಹಲಸು ಒಳ್ಳೆಯ ಮರ, ಹಳದಿ ಬಣ್ಣ ವರ್ಷ ಕಳೆದಂತೆ ಕಂದಾಗುತ್ತದೆ. ಹಾಲು ಬತ್ತಿದ ರಬ್ಬರ್ ಮರ ಒಂದು ಕಾಲಕ್ಕೆ ಬರೀ ಸೌದೆ. ಅದರಲ್ಲಿ ಗಂಜಿ ಜಾಸ್ತಿ ಇರುವುದರಿಂದ ಹುಳು ಬೇಗ ಹಿಡಿಯುತ್ತದೆ. ಬೋರಾನ್ ದ್ರಾವಣ ಕುಡಿಸಿದ ಮೇಲೆ ಅದೂ ಪೀಠೋಪಕರಣದ ಮರವಾಯಿತು. ಬಿದಿರನ್ನು ಮೊದಲು ನೀರಿನಲ್ಲಿ ನೆನೆಹಾಕುವ ಪದ್ಧತಿಯ ಹಿಂದೆಯೂ ಇದೇ ವಿಜ್ಞಾನ. ಸಕ್ಕರೆ, ಗಂಜಿ ಒಂದಷ್ಟು ನೀರಿಗೆ ಹೋದರೆ ಹುಳಕ್ಕೆ ಊಟ ಕಡಿಮೆ.

ಇಷ್ಟೆಲ್ಲ ಗೊತ್ತಿದ್ದೂ ಹೊಸ ಮೇಜು ಯಾಕೆ ಬಿರುಕು ಬಿಡುತ್ತದೆ? ಹೆಚ್ಚಾಗಿ ನಮ್ಮ ಅವಸರದಿಂದ. ಕುಯ್ದ ಹಲಗೆಗಳ ನಡುವೆ ಪಟ್ಟಿ ಕೊಟ್ಟು, ನೆರಳಲ್ಲಿ ತಿಂಗಳುಗಟ್ಟಲೆ ಒಣಗಿಸಬೇಕು. ಗಿರಾಕಿಗೆ ಹದಿನೈದು ದಿನದಲ್ಲಿ ಬೇಕು. ಊರು ಬದಲಾದರೂ ತೊಂದರೆಯೇ. ಮಂಗಳೂರಿನ ತೇವಕ್ಕೆ ಹೊಂದಿಕೊಂಡ ಅಜ್ಜಿಯ ಪೆಟ್ಟಿಗೆಯನ್ನು ಅಮೆರಿಕದ ಚಳಿಗಾಲದ ಹೀಟರ್ ಮನೆಗೆ ಸಾಗಿಸಿದವರಿಗೆ ಇದು ಗೊತ್ತು. ಅಲ್ಲಿಯ ಒಣಗಾಳಿಗೆ ಹಳೆಯ ಮರವೂ ಮತ್ತೆ ಕುಗ್ಗುತ್ತದೆ.

ಇನ್ನು ಮೇಜು ಕೊಳ್ಳಲು ಹೋದಾಗ ಮೇಲಿನ ಹೊಳಪು ನೋಡಿದ ಮೇಲೆ ಒಮ್ಮೆ ಬಗ್ಗಿ ಅಡಿಯನ್ನೂ ನೋಡಿ. ಮೇಲಿನ ಹಲಗೆಯನ್ನು ಚೌಕಟ್ಟಿಗೆ ಹಿಡಿಸಿದ ಜಾಗದಲ್ಲಿ ಸ್ಕ್ರೂ ಆಚೀಚೆ ಸರಿಯಲು ಉದ್ದ ತೂತು ಇದೆಯಾ, ಅಥವಾ ತೋಡಿನಲ್ಲಿ ಜಾರುವ ಮರದ ತುಂಡುಗಳಿವೆಯಾ? ಎರಡೂ ಇಲ್ಲದೆ, ಅಗಲವಾದ ಗಟ್ಟಿಮರದ ಹಲಗೆಗೆ ಸುತ್ತಲೂ ಅಂಟು ಬಳಿದು ಬಿಗಿದಿದ್ದರೆ, ಬೆಲೆಯಲ್ಲಿ ಧಾರಾಳವಾಗಿ ಚೌಕಾಸಿ ಮಾಡಬಹುದು.