ಹಳದಿ, ಹಸಿರು, ನೇರಳೆ: ಹಸಿರು ಯಾರ ಕಡೆ ನಿಲ್ಲಬೇಕು?

ಈ ಮೂರು ಬಣ್ಣಗಳನ್ನು ಒಂದೇ ವಿನ್ಯಾಸದಲ್ಲಿ ಹೊಂದಿಸುವುದನ್ನು ಕಲಿಯಲು ನಾನು ಆರಿಸಿಕೊಂಡದ್ದು ಕೊಡಗಿನ ಜೇನಿನ ಸೀಸೆಗೆ ಅಂಟಿಸುವ ಒಂದು ಲೇಬಲ್. ಜೇನಿಗೆ ಹಳದಿ, ಕಾಫಿ ತೋಟಕ್ಕೆ ಹಸಿರು, ಮಾಂದಲಪಟ್ಟಿಯ ಬೆಟ್ಟದಲ್ಲಿ ಅರಳುವ ಕುರಿಂಜಿಗೆ ನೇರಳೆ ಎಂದು ಲೆಕ್ಕ ಹಾಕಿ ಮೂರಕ್ಕೂ ಸಮಪಾಲು ಕೊಟ್ಟೆ. ಲೇಬಲ್ಲು ಜಾತ್ರೆಯ ಬಲೂನಿನಂತೆ ಕಂಡಿತು. ತಪ್ಪನ್ನು ಹುಡುಕುತ್ತಾ ಬರೆದಿಟ್ಟುಕೊಂಡ ಟಿಪ್ಪಣಿ ಇದು.

ಚಿತ್ರಕಾರರ ಹನ್ನೆರಡು ಮನೆಗಳ ವರ್ಣಚಕ್ರದಲ್ಲಿ ಹಳದಿ ಮತ್ತು ನೇರಳೆ ಎದುರುಬದುರಾಗಿವೆ, ಅಂದರೆ ಪೂರಕ ವರ್ಣಗಳು. ಹಸಿರು ಹಳದಿಯಿಂದ ಎರಡು ಮನೆ, ನೇರಳೆಯಿಂದ ನಾಲ್ಕು ಮನೆ ದೂರದಲ್ಲಿದೆ. ಆದ್ದರಿಂದ ಇದು ಮೂರು ಬಣ್ಣಗಳೂ ಒಂದಕ್ಕೊಂದು ಸಮದೂರದಲ್ಲಿರುವ ಸಮತ್ರಿಕೋನವಲ್ಲ. ಹಸಿರು ಮತ್ತು ನೇರಳೆಯೊಡನೆ ಸಮತ್ರಿಕೋನವಾಗಬೇಕಿದ್ದರೆ ಹಳದಿಯ ಜಾಗದಲ್ಲಿ ಕಿತ್ತಳೆ ಇರಬೇಕಿತ್ತು. ಹಸಿರಿನಲ್ಲಿ ಹಳದಿಯೂ ನೀಲಿಯೂ ಇರುವುದರಿಂದ ಅದು ಹಳದಿಗೆ ನೇರ ನೆಂಟ, ನೀಲಿಯ ಕಡೆಯಿಂದ ನೇರಳೆಗೂ ದೂರದ ಸಂಬಂಧಿ. ಅದನ್ನು ಚಿಗುರೆಲೆಯ ಬಣ್ಣಕ್ಕೆ ಒಯ್ದು ಹಳದಿಯ ಪಕ್ಷಕ್ಕೆ ಸೇರಿಸಬೇಕೋ, ನೀಲಿ ಬೆರೆಸಿ ಗಾಢವಾಗಿಸಿ ನೇರಳೆಯ ಪಕ್ಷಕ್ಕೆ ಸೇರಿಸಬೇಕೋ ಎಂಬುದನ್ನು ಮೊದಲೇ ತೀರ್ಮಾನಿಸಿಕೊಳ್ಳಬೇಕು. ನನ್ನ ಮೊದಲ ಲೇಬಲ್ಲಿನ ಹಸಿರು ಎರಡೂ ಕಡೆ ಸೇರದೆ ನಡುವೆ ನಿಂತಿತ್ತು. (ಪರದೆಯ ಬೆಳಕಿನ ಲೆಕ್ಕದಲ್ಲಿ ಹಳದಿಯ ಪೂರಕ ನೀಲಿ, ಎರಡು ಚಕ್ರಗಳನ್ನು ಕಲಸಿಕೊಳ್ಳಬಾರದು.)

ಎರಡನೆಯ ವಿಷಯ ವಿಸ್ತೀರ್ಣ. 1919ರಿಂದ 1923ರವರೆಗೆ ಜರ್ಮನಿಯ ಬೌಹೌಸ್ ಎಂಬ ಕಲಾ-ವಿನ್ಯಾಸ ಶಾಲೆಯಲ್ಲಿ ಪಾಠ ಹೇಳಿದ ಚಿತ್ರಕಾರ ಯೊಹಾನೆಸ್ ಇಟೆನ್, ಪ್ರತಿ ಬಣ್ಣ ಎಷ್ಟು ಬೆಳಗುತ್ತದೆಂದು ಜರ್ಮನ್ ಕವಿ ಗಯಟೆ ಕೊಟ್ಟ ಅಂಕಗಳನ್ನು ಆಧಾರವಾಗಿಟ್ಟುಕೊಂಡು ಹಳದಿಗೆ 9, ಹಸಿರಿಗೆ 6, ನೇರಳೆಗೆ 3 ಎಂದು ಎಣಿಸಿದರು. ಬೆಳಕು ಹೆಚ್ಚಿದಷ್ಟೂ ಜಾಗ ಕಡಿಮೆ ಸಾಕಾಗುವುದರಿಂದ ಅವರ ಪ್ರಕಾರ ವಿಸ್ತೀರ್ಣಗಳು ಅದೇ ಕ್ರಮದಲ್ಲಿ 3, 6, 9, ಅಂದರೆ ಹಳದಿ ಒಂದು ಪಾಲಾದರೆ ಹಸಿರು ಎರಡು, ನೇರಳೆ ಮೂರು. ಈ ಲೆಕ್ಕ ಬೆರಕೆಯಿಲ್ಲದ ತೀಕ್ಷ್ಣ ಬಣ್ಣಗಳಿಗೆ ಮಾತ್ರ ಹೊಂದುತ್ತದೆ. ಮಾಸಿದ ಅಥವಾ ತಿಳಿ ಬಣ್ಣಗಳಿಗೆ ಇದನ್ನು ಆರಂಭದ ಅಂದಾಜಾಗಿಯಷ್ಟೇ ಇಟ್ಟುಕೊಳ್ಳುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ.

ಈ ಪ್ರಮಾಣ ನನಗೆ ನಿಜವಾಗಿ ಮನದಟ್ಟಾದದ್ದು ಕೊಡವರ ಕಕ್ಕಡ ತಿಂಗಳ ಹದಿನೆಂಟರಂದು, ಅಂದರೆ ಆಗಸ್ಟ್ ಆರಂಭದಲ್ಲಿ, ಮನೆಯಲ್ಲಿ ಮದ್ದು ಸೊಪ್ಪೆಂಬ ಔಷಧೀಯ ಸೊಪ್ಪಿನ ಪಾಯಸ ಮಾಡಿದಾಗ. ಹಸಿರು ಸೊಪ್ಪನ್ನು ನೀರಿನಲ್ಲಿ ಕುದಿಸಿದರೆ ಕಡು ನೇರಳೆ ರಸ ಬಿಡುತ್ತದೆ; ಆ ಬಣ್ಣ ಮರುದಿನದವರೆಗೂ ದೇಹವನ್ನು ಬಿಡುವುದಿಲ್ಲವೆಂಬುದು ತಿಂದವರಿಗೆಲ್ಲ ಗೊತ್ತು. ಬಟ್ಟಲು ತುಂಬಿದ ಆ ಕಪ್ಪು ನೇರಳೆಯ ಮೇಲೆ ಒಂದು ಚಮಚ ತುಪ್ಪದ ಹಳದಿ ಎಷ್ಟು ಹೊಳೆಯಿತೆಂದರೆ, ಇನ್ನೊಂದು ಚಮಚ ಹಾಕಿದ್ದರೆ ಆ ಹೊಳಪು ಉಳಿಯುತ್ತಿರಲಿಲ್ಲ.

ಅಕ್ಷರಗಳ ವಿಚಾರದಲ್ಲಿ ಕಣ್ಣಂದಾಜು ಸಾಲದು. ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಹೊಳಪಿನಲ್ಲಿ ಕನಿಷ್ಠ 4.5:1 ವ್ಯತ್ಯಾಸವಿರಬೇಕೆಂದು ಜಾಲಪುಟಗಳಿಗಾಗಿ ರೂಪಿಸಿದ ಡಬ್ಲ್ಯುಸಿಎಜಿ ಮಾರ್ಗಸೂಚಿ ಹೇಳುತ್ತದೆ. ಪರದೆಯ ಬಣ್ಣಗಳನ್ನು ಅಳೆಯುವ 0ಯಿಂದ 255ರ ಅಳತೆಯಲ್ಲಿ ಕೆಂಪು 128, ನೀಲಿ 128 ಬೆರೆತ ನೇರಳೆಯ ಮೇಲೆ ಶುದ್ಧ ಹಳದಿ ಸುಮಾರು 8.8:1 ಕೊಡುತ್ತದೆ. ಅದೇ ನೇರಳೆಯ ಮೇಲೆ 128ರ ಹಸಿರು ಕೊಡುವುದು ಸುಮಾರು 1.8:1 ಮಾತ್ರ, ಏಕೆಂದರೆ ಬಣ್ಣ ಬೇರೆಯಾದರೂ ಎರಡರ ಗಾಢತೆ ಹತ್ತಿರ ಹತ್ತಿರವಿದೆ. ಬಿಳಿಯ ಮೇಲಿನ ಶುದ್ಧ ಹಳದಿ 1.07:1, ಅಂದರೆ ಇಲ್ಲವೆಂದೇ ಲೆಕ್ಕ. ವಿನ್ಯಾಸವನ್ನು ಒಮ್ಮೆ ಕಪ್ಪು-ಬಿಳುಪಿಗೆ ತಿರುಗಿಸಿ ನೋಡಿದರೆ ಈ ದೋಷ ತಟ್ಟನೆ ಕಾಣುತ್ತದೆ.

ಅಚ್ಚಿನಲ್ಲಿ ನೇರಳೆ ಸಯಾನ್ (ಹಸಿರು ಛಾಯೆಯ ನೀಲಿ) ಮತ್ತು ಮೆಜೆಂಟಾ (ಕಡು ಗುಲಾಬಿ) ಶಾಯಿಗಳಿಂದ ಮೂಡುತ್ತದೆ. ಸಯಾನ್ ಹೆಚ್ಚಾದರೆ ಅದು ನೀಲಿಗೆ ವಾಲುತ್ತದೆ, ಪರದೆಯ ಮೇಲಿದ್ದ ಕಾಂತಿಯೂ ಇರುವುದಿಲ್ಲ. ಮಾದರಿ ಪ್ರತಿ ತೆಗೆಸದೆ ಒಪ್ಪಿಗೆ ಕೊಡಬಾರದು. ಕೈಯಲ್ಲಿ ಬಣ್ಣ ಹಚ್ಚುವವರು ಹಳದಿಯ ನೆರಳಿಗೆ ಕಪ್ಪು ಬೆರೆಸಿದರೆ ಅದು ಪಾಚಿ ಹಸಿರಾಗುತ್ತದೆ. ಚಿಟಿಕೆ ನೇರಳೆ ಬೆರೆಸಿದರೆ ಕಂದು ಛಾಯೆಯ ನೆರಳು ಸಿಗುತ್ತದೆ.

ಕೊನೆಗೆ ಲೇಬಲ್ಲಿನ ನೆಲ ಕಡು ನೇರಳೆಯಾಯಿತು, ಹೆಸರು ಹಳದಿಯಾಯಿತು, ಹಸಿರು ಚಿಗುರಿನ ಬಣ್ಣ ತಳೆದು ಹಳದಿಯ ಪಕ್ಷ ಸೇರಿತು. ಸೀಸೆಗೆ ಅಂಟಿಸಿ ನೋಡಿದಾಗ ಇನ್ನೊಂದು ತೊಡಕು ಕಂಡಿತು: ಪಕ್ಕದ ಜೇನಿನ ಕೆಂಗಂದು ಬಣ್ಣದಿಂದಾಗಿ ನಿಂಬೆಹಳದಿಯ ಅಕ್ಷರ ಹಸಿರಾಗಿ ತೋರುತ್ತಿತ್ತು. ಅದನ್ನು ಅರಿಶಿನದ ಕಡೆಗೆ ಸ್ವಲ್ಪ ಸರಿಸಿದ ಮೇಲೆ ಹೆಸರು ಹಳದಿಯಾಗಿಯೇ ಕಾಣತೊಡಗಿತು.