ಕರಗುವುದೇ ಆ ಕಂಬಿಯ ಕೆಲಸ

ಗೋವಾದ ವಾಸ್ಕೋದಲ್ಲಿ ಪರಿಚಯದವರೊಬ್ಬರ ಟೂರಿಸ್ಟ್ ಬೋಟಿನ ಗೀಸರ್ ಬಿಚ್ಚುವಾಗ ನಾನೂ ಅಲ್ಲಿದ್ದೆ. ಸ್ಪ್ಯಾನರ್ ಹಾಕಿ ತಿರುಗಿಸಿ ಆನೋಡ್ ಕಂಬಿಯನ್ನು, ಅಂದರೆ ಟ್ಯಾಂಕಿಗೆ ತುಕ್ಕು ಹಿಡಿಯದಂತೆ ಒಳಗೆ ಹಾಕಿರುವ ಲೋಹದ ಕಂಬಿಯನ್ನು, ಹೊರಗೆಳೆದರು. ಹೊಸದಿದ್ದಾಗ ಹೆಬ್ಬೆರಳಿನಷ್ಟು ದಪ್ಪ ಇತ್ತಂತೆ. ಈಗ ಬಂದಿದ್ದು ಬರೀ ಉಕ್ಕಿನ ತಂತಿ, ಅಲ್ಲಲ್ಲಿ ಅಂಟಿದ ಸುಣ್ಣದಂಥ ಬಿಳಿ ಪುಡಿ.

"ನೋಡ್ರಿ, ಎರಡ ವರ್ಷಕ್ಕ ಹಿಂಗಾಗೈತಿ. ಡುಪ್ಲಿಕೇಟ್ ಮಾಲು!" ಅಂದರು ಗದಗ ಕಡೆಯ ಆ ಹಿರಿಯರು.

"ಅಲ್ರೀ ಅಣ್ಣಾರ, ಅದು ಕರಗಿದ್ದಕ್ಕ ನಿಮ್ಮ ಟ್ಯಾಂಕ್ ಉಳಿದೈತಿ" ಅಂದೆ.

ಆ ಕಂಬಿ ಮೆಗ್ನೀಸಿಯಂದು, ನಡುವೆ ಮಾತ್ರ ಉಕ್ಕಿನ ತಂತಿ. ಟ್ಯಾಂಕ್ ಉಕ್ಕಿನದು, ಒಳಗೆ ಗಾಜಿನ ಲೇಪ. ಲೇಪದಲ್ಲಿ ಎಲ್ಲೋ ಒಂದು ಸಣ್ಣ ಬಿರುಕು ಇದ್ದೇ ಇರುತ್ತದೆ. ನೀರಿನಲ್ಲಿ ಕರಗಿದ ಆಮ್ಲಜನಕ ಸಾಲ ವಸೂಲಿಗೆ ಬಂದವನ ಹಾಗೆ ಆ ಬಿರುಕಿನಲ್ಲಿ ನಿಂತು ಎಲೆಕ್ಟ್ರಾನ್ ಕೇಳುತ್ತದೆ. ಉಕ್ಕು ತನ್ನದನ್ನು ಕೊಟ್ಟರೆ ತುಕ್ಕು. ಮೆಗ್ನೀಸಿಯಂ ಕಬ್ಬಿಣಕ್ಕಿಂತ ಬಹಳ ಬೇಗ ಕೈಬಿಚ್ಚುವ ಲೋಹ: ಎಲೆಕ್ಟ್ರಾನ್ ಬಿಟ್ಟುಕೊಡುವ ಒಲವನ್ನು ಅಳೆಯುವ ಲೆಕ್ಕದಲ್ಲಿ ಕಬ್ಬಿಣದ್ದು ಮೈನಸ್ 0.44 ವೋಲ್ಟ್ ಆದರೆ ಇದರದ್ದು ಮೈನಸ್ 2.37; ಮೈನಸ್ ಹೆಚ್ಚಿದಷ್ಟೂ ಒಲವು ಹೆಚ್ಚು. ಕಂಬಿ ಟ್ಯಾಂಕಿಗೆ ತಾಗಿರುವುದರಿಂದ ಅದರ ಎಲೆಕ್ಟ್ರಾನ್‌ಗಳು ಉಕ್ಕಿಗೆ ಹರಿಯುತ್ತವೆ. ಆಮ್ಲಜನಕ ಈಸಿಕೊಳ್ಳುವುದು ಉಕ್ಕಿನ ಬಾಗಿಲಲ್ಲೇ, ದುಡ್ಡು ಮಾತ್ರ ಮೆಗ್ನೀಸಿಯಂದು.

ಟೊಮೇಟೊ ಸಾಲುಗಳ ನಡುವೆ ಚೆಂಡುಹೂವು ಹಾಕ್ತೀವಲ್ವಾ, ಕಾಯಿಕೊರಕ ಹುಳ ಅತ್ತ ಹೋಗಲಿ ಅಂತ? ಹೂವಿಗೆ ಹುಳ ಬಿತ್ತು ಅಂತ ಬೀಜದ ಅಂಗಡಿಯವರನ್ನು ಯಾರೂ ಬೈಯುವುದಿಲ್ಲ.

ಹೀಗೆ ಒಂದು ಲೋಹ ಕರಗಿ ಇನ್ನೊಂದನ್ನು ಉಳಿಸುವುದನ್ನು ಮೊದಲು ತೋರಿಸಿದವರು ಇಂಗ್ಲೆಂಡಿನ ರಸಾಯನ ವಿಜ್ಞಾನಿ ಹಂಫ್ರಿ ಡೇವಿ, 1824ರಲ್ಲಿ. ನೌಕಾಪಡೆಯ ಹಡಗುಗಳ ತಳಕ್ಕೆ ಹೊದಿಸಿದ ತಾಮ್ರ ಸವೆಯುತ್ತಿತ್ತು. ಡೇವಿ ಅದಕ್ಕೆ ಕಬ್ಬಿಣ, ಸತುವಿನ ತುಂಡು ಜೋಡಿಸಿದರು. ತಾಮ್ರವೇನೋ ಉಳಿಯಿತು, ಆದರೆ ತಳದ ತುಂಬ ಚಿಪ್ಪು, ಪಾಚಿ ಬೆಳೆದು ಹಡಗು ನಿಧಾನವಾಯಿತು. ಅಷ್ಟು ದಿನ ಅವನ್ನು ದೂರ ಇಟ್ಟಿದ್ದು ಸವೆಯುತ್ತಿದ್ದ ತಾಮ್ರದ ವಿಷವೇ! ಈ ಕಥೆ ನನಗೆ ಎಷ್ಟು ಸಲ ಓದಿದರೂ ಸಾಕಾಗುವುದಿಲ್ಲ.

"ಬೋಟಿನ ತಳದಾಗ ಅಷ್ಟ ದೊಡ್ಡ ಜಿಂಕ್ ಐತಲ್ಲ, ಸಾಲಂಗಿಲ್ಲೇನು?" ಎಂದು ಅಣ್ಣ ಕೇಳಿದರು. ಸಾಲದು. ಎರಡೂ ಲೋಹ ಒಂದೇ ನೀರಿನಲ್ಲಿ ಮುಳುಗಿರಬೇಕು. ತಳದ ಜಿಂಕ್, ಅಂದರೆ ಬೋಟಿನ ತಳ ಕಾಯಲು ಹಾಕಿದ ಸತುವಿನ ಗಟ್ಟಿ, ಸಮುದ್ರದಲ್ಲಿದೆ, ಟ್ಯಾಂಕಿನ ಒಳಗಿರುವುದು ಬೇರೆ ಸಿಹಿನೀರು. ಚೆಂದ ಕಾಣಲಿ ಅಂತ ಆ ಜಿಂಕ್‌ಗೂ ಸೇರಿಸಿ ಬಣ್ಣ ಬಳಿಯುವವರಿದ್ದಾರೆ. ದಯವಿಟ್ಟು ಬೇಡ, ಬಣ್ಣ ಬಿದ್ದರೆ ಅದಕ್ಕೆ ನೀರು ತಾಗುವುದಿಲ್ಲ, ಅದು ಸುಮ್ನೆ ಒಂದು ಲೋಹದ ಗಟ್ಟಿ.

ಹೊಸ ಕಂಬಿ ಹಾಕಿ, ಟ್ಯಾಂಕಿನ ಮೇಲೆ ಮಾರ್ಕರಿನಲ್ಲಿ ತಾರೀಖು ಬರೆದೆವು. ವರ್ಷಕ್ಕೊಮ್ಮೆ ಬಿಚ್ಚಿ ನೋಡಿ, ಅರ್ಧಕ್ಕಿಂತ ಜಾಸ್ತಿ ಕರಗಿದ್ದರೆ ಬದಲಿಸುವುದು ಅಂತ ಮಾತಾಯಿತು. ಹಳೇ ತಂತಿಯನ್ನು ಅಣ್ಣ ಎಸೆಯಲಿಲ್ಲ. ಬೋಟಿನ ಹುಡುಗರಿಗೆ ತೋರಿಸಬೇಕಂತೆ.